ಬಾಗಿಲು ತಟ್ಟಿದವರು

“ಕತ್ತಲು,” ಎಂದ ನಿರ್ದೇಶಕ ಟೋಪಿ. “ಪರದೆ ಮೇಲೆ ಏನೂ ಇಲ್ಲ, ಬರೀ ಕತ್ತಲು. ಒಂದು ಸದ್ದು ಮಾತ್ರ. ಕಿರ್... ಕಿರ್... ಬೀಗದ ಹೊಟ್ಟೆಯೊಳಗೆ ಒಂದು ತಂತಿ ಏನನ್ನೋ ಹುಡುಕ್ತಾ ಇದೆ.”

ನಿರ್ಮಾಪಕಿ ತಲೆಯಾಡಿಸಲಿಲ್ಲ. ಏನೇ ಕೇಳಿದರೂ ತಲೆಯಾಡಿಸಬೇಡಿ ಎಂದು ಬೆಳಿಗ್ಗೆಯೇ ಅವರಿಗೆ ಹೇಳಿಟ್ಟಿದ್ದೆ.

“ಕ್ಲಿಕ್. ಬೀಗ ತೆರೀತು. ಬೆಳಕು. ಆ ಬೆಳಕಲ್ಲಿ ನಮ್ಮ ಹೀರೋ ಮುಖ. ಊರಲ್ಲಿ ಅವನಿಗೆ ತೆಗೆಯೋಕಾಗದ ಬೀಗ ಇಲ್ಲ ಮೇಡಂ. ಆದ್ರೆ ಒಂದೇ ಒಂದು ಮನೆ ಬಾಗಿಲು ಅವನಿಗೆ ಮುಚ್ಚಿದೆ. ಅದು ಅವನ ತಾಯಿ ಮನೆ. ಇದೇ ನಮ್ಮ ಒಂದು ಸಾಲು.”

ಸಾಲು ಚೆನ್ನಾಗಿತ್ತು. ಚೆನ್ನಾಗಿರಲೇಬೇಕು, ಅದು ನನ್ನ ಭಾವನದು, ಸಿನಿಮಾ ಕಥೆ ಬರೆಯುತ್ತಿದ್ದ ತಂಗಿಯ ಗಂಡನದು. ಕಥೆಯನ್ನು ಒಂದು ಸಾಲಿನಲ್ಲಿ ಹೇಳಲಾಗದವನು ಮೂರು ಗಂಟೆಯಲ್ಲೂ ಹೇಳಲಾರ ಎಂದು ಭಾವ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ನಾನು ತಟ್ಟೆ ನೋಡುತ್ತ ಹೂಂಗುಟ್ಟುತ್ತಿದ್ದೆ.

ಕಳೆದ ವಾರ ಭಾವ ತಮ್ಮ ಮನೆಯ ಹಿಂಬದಿಯ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದರು. ಆ ಮಧ್ಯಾಹ್ನ ಟೋಪಿ ಅವರ ಜೊತೆಗಿದ್ದ ಎಂಬುದು ನನ್ನ ಗುಮಾನಿ. ಊರಲ್ಲೇ ಇರಲಿಲ್ಲ ಎಂಬುದು ಅವನ ಹೇಳಿಕೆ.

ನಾವು ಕೂತಿದ್ದದ್ದು ನಿರ್ಮಾಪಕಿಯ ಟೈಲ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಸಿನಿಮಾಕ್ಕೆ ದುಡ್ಡು ಹಾಕುವವರಿಗೆ ಅರಮನೆಯಂಥ ಆಫೀಸು ಇರುತ್ತದೆ ಎಂದು ನಂಬಿದ್ದವನು ನಾನು. ಇಲ್ಲಿ ಗೋಡೆಯ ತುಂಬ ಮಾದರಿ ಟೈಲ್ಸ್ ಅಂಟಿಸಿದ್ದರು, ನೀಲಿಯ ಪಕ್ಕ ಹಳದಿ, ಹಳದಿಯ ಪಕ್ಕ ಹೂವಿನದು. ಕೂತರೆ ಯಾರದೋ ದೊಡ್ಡ ಬಚ್ಚಲುಮನೆಯಲ್ಲಿ ಕೂತ ಹಾಗೆ. ಕಿಟಕಿ ಇಲ್ಲ. ಅಂಗಡಿಯ ಕಡೆಯಿಂದ ಆಗಾಗ ಟೈಲ್ಸ್ ಕೊಯ್ಯುವ ಯಂತ್ರದ ಸದ್ದು ಬರುತ್ತಿತ್ತು.

ಟೋಪಿ ಎಂಬುದು ನಾವಿಟ್ಟ ಹೆಸರು. ಬಿಸಿಲಿರಲಿ ಚಳಿ ಇರಲಿ, ತಲೆಯ ಮೇಲೊಂದು ಕಪ್ಪು ಟೋಪಿ. ಹಾಕಿಕೊಳ್ಳುವುದಷ್ಟೇ ಅಲ್ಲ, ಜನಕ್ಕೆ ಹಾಕುವುದೂ ಉಂಟು. ಹಿಂದೊಮ್ಮೆ ಭಾವ ಬರೆದ ಇಡೀ ಚಿತ್ರಕಥೆಗೆ ತನ್ನ ಹೆಸರೊಂದನ್ನೇ ಹಾಕಿಕೊಂಡು ಪರದೆಗೆ ಬಿಟ್ಟಿದ್ದ. ಭಾವ ನಕ್ಕು ಸುಮ್ಮನಾದರು. ನನ್ನ ತಂಗಿ ಸುಮ್ಮನಾಗಲಿಲ್ಲ. “ಅವನು ಈ ಮನೆಗೆ ಕಾಲಿಟ್ರೆ ನಾನು ಇಲ್ಲಿಂದ ಕಾಲು ತೆಗೀತೀನಿ” ಎಂದು ಗಂಡನಿಗೆ ಹೇಳಿದ್ದಳು. ಅವಳು ಹೇಳಿದರೆ ಹೇಳಿದ್ದೇ.

ಆ ತಂಗಿ ಈಗ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಯಾರೋ ಗಿರಾಕಿಯ ಬೂದು ಬಣ್ಣದ ಪ್ಯಾಂಟಿನ ಅಂಚು ಹೊಲಿಯುತ್ತಿದ್ದಳು. ಮನೆಯಲ್ಲೇ ಹೊಲಿಗೆ ಮಾಡುವುದು ಅವಳ ಕಸುಬು. ಗಂಡ ಹೋದ ಮೇಲೆ ಎಲ್ಲಿಗೆ ಹೋದರೂ ಅವಳ ಚೀಲದಲ್ಲಿ ಆ ಪ್ಯಾಂಟು ಇರುತ್ತದೆ. ಹೊಲಿದದ್ದನ್ನು ಬಿಚ್ಚುತ್ತಾಳೆ, ಬಿಚ್ಚಿದ್ದನ್ನು ಹೊಲಿಯುತ್ತಾಳೆ. ಅವಳು ಅತ್ತಿಲ್ಲ. ನಾನೂ ಅತ್ತಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಮರಗಟ್ಟಿರುತ್ತದಲ್ಲ, ನಮ್ಮ ಮನೆ ಹಾಗಾಗಿದೆ. ಮುಟ್ಟಿದರೆ ಏನೋ ಇದೆ ಎಂದು ಗೊತ್ತಾಗುತ್ತದೆ, ನೋವಾಗುವುದಿಲ್ಲ.

ಅವಳು ನನ್ನನ್ನು ಕೇಳಿದ್ದು ಒಂದೇ. “ಕೊನೇಲಿ ಅವರ ಜೊತೆ ಯಾರಿದ್ರು ಅನ್ನೋದು ಗೊತ್ತಾಗ್ಬೇಕು ಅಣ್ಣ.”

“ಗೊತ್ತು ಮಾಡ್ತೀನಿ,” ಎಂದಿದ್ದೆ. ಪೊಲೀಸ್ ಕೆಲಸದಿಂದ ನಿವೃತ್ತನಾಗಿದ್ದರೂ ಪತ್ತೇದಾರಿಕೆಯ ಗತ್ತು ಹೋಗಿರಲಿಲ್ಲ.

ಠಾಣೆಯ ಇನ್ಸ್‌ಪೆಕ್ಟರ್ ಒಂದು ಕಾಲದಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವನು. ಇವತ್ತು ಸಂಜೆ ಅವನು ಫೈಲು ಮುಚ್ಚುತ್ತಾನೆ. “ಕಾಲು ಜಾರಿ ಬಿದ್ದದ್ದು ಸರ್, ಇನ್ನೇನಿದೆ ಅದ್ರಲ್ಲಿ,” ಎನ್ನುತ್ತಾನೆ. ಇವತ್ತೇ ನಿರ್ಮಾಪಕಿ ಕಥೆ ಒಪ್ಪಿ, ತಂಗಿ ಹಕ್ಕಿನ ಕಾಗದಕ್ಕೆ ರುಜು ಹಾಕಿದರೆ ಕಥೆ ಟೋಪಿಯ ಕೈಗೆ ಹೋಗುತ್ತದೆ. ಸಂಜೆಯೊಳಗೆ ನಾನು ಏನನ್ನೂ ಹಿಡಿಯದಿದ್ದರೆ ಭಾವನ ಸಾವೂ ಕಥೆಯೂ ಒಟ್ಟಿಗೆ ಮುಚ್ಚಿಹೋಗುತ್ತವೆ.

“ಹೀರೋ ಹಗಲೆಲ್ಲ ಊರವರ ಬೀಗ ರಿಪೇರಿ ಮಾಡ್ತಾನೆ,” ಟೋಪಿ ಮುಂದುವರಿಸಿದ. ಈಗ ಎದ್ದು ನಿಂತಿದ್ದ. “ಬೀಗದ ಕೈ ಕಳ್ಕೊಂಡೋರು, ಮನೆಯೊಳಗೆ ಮಗು ಸಿಕ್ಕಿಹಾಕಿಕೊಂಡೋರು, ಎಲ್ರಿಗೂ ಅವನೇ ಬೇಕು. ಒಂದಿನ ಒಬ್ಬ ಸ್ನೇಹಿತ ಬರ್ತಾನೆ. ನಮ್ಮ ಮನೇದೇ ಬೀಗ, ತೆಗೆದುಕೊಡು ಅಂತಾನೆ. ತೆಗೆದುಕೊಡ್ತಾನೆ. ಅದು ಸ್ನೇಹಿತನ ಮನೆ ಅಲ್ಲ ಮೇಡಂ.”

ನಿರ್ಮಾಪಕಿ ಫೋನು ಕೈಗೆತ್ತಿಕೊಂಡರು. ಅದೂ ನಾನು ಹೇಳಿಕೊಟ್ಟದ್ದೇ. ಆದರೆ ಅಂಗಡಿ ನಡೆಸುವವರಿಗೆ ನಟನೆ ಕಲಿಸಬೇಕಾಗಿಲ್ಲ. ಗಿರಾಕಿಯ ಮುಂದೆ ಬೇಸರ ತೋರಿಸುವ ಕಲೆ ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು.

ಟೋಪಿ ಅದನ್ನು ಕಂಡ. ದನಿ ಸ್ವಲ್ಪ ಏರಿತು.

ನಾನು ಒಡ್ಡಿದ್ದ ಬಲೆ ಇಷ್ಟೇ. ಆ ಕಥೆಗೆ ಎರಡು ಕೊನೆಗಳಿದ್ದವು. ಹಳೆಯ ಕೊನೆ ಎಲ್ಲರಿಗೂ ಗೊತ್ತು: ತಾಯಿ ಊರು ಬಿಟ್ಟು ಬಸ್ಸು ಹತ್ತುತ್ತಾಳೆ, ಮಗ ಬಸ್ಸಿನ ಹಿಂದೆ ಓಡುತ್ತಾನೆ, ಬಸ್ಸು ನಿಲ್ಲುತ್ತದೆ. ಹೊಸ ಕೊನೆ ಭಾವನಿಗೆ ಹೊಳೆದದ್ದು ಸತ್ತ ದಿನ. ಅದನ್ನು ಕಾಗದದಲ್ಲಿ ಓದಲು ಸಾಧ್ಯವೇ ಇರಲಿಲ್ಲ. ಕೇಳಿದವರಿಗೆ ಮಾತ್ರ ಗೊತ್ತು.

ಯಾಕೆಂದರೆ ಭಾವ ಬರೆಯುತ್ತಿದ್ದ ರೀತಿಯೇ ಬೇರೆ. ಮಹಡಿಯ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಒಂದೊಂದು ಸೀನಿಗೆ ಒಂದೊಂದು ಚೀಟಿ ಬರೆದು, ತಂಗಿಯ ಬಟ್ಟೆ ಕ್ಲಿಪ್ಪು ಹಾಕಿ ತೂಗುಬಿಡುತ್ತಿದ್ದರು. ಮನೆಯಲ್ಲಿ ಒಣಹಾಕಲು ಕ್ಲಿಪ್ಪೇ ಉಳಿಯುತ್ತಿರಲಿಲ್ಲ. “ಇವರ ಹೀರೋ ನೆಂದಿದ್ದಾನೋ, ನನ್ನ ಸೀರೆ ನೆಂದಿದೆಯೋ” ಎಂದು ತಂಗಿ ಗೊಣಗುತ್ತಿದ್ದಳು. ಕೊನೆಯ ಕ್ಲಿಪ್ಪು ಮಾತ್ರ ಖಾಲಿ. ಕೊನೆಯ ಸೀನನ್ನು ಆಡಿ ನೋಡದೆ ಬರೆಯಬಾರದು ಎಂಬುದು ಅವರ ನೇಮ. ಸತ್ತ ದಿನವೂ ಆ ಕ್ಲಿಪ್ಪು ಖಾಲಿಯೇ ಇತ್ತು.

ಆಡಿ ನೋಡುವುದೆಂದರೆ ನಿಜವಾಗಿಯೂ ಆಡುವುದು. ಕುರ್ಚಿ ಮೇಜು ಎಳೆದಾಡಿ, ಬೀದಿ ಮಾಡಿ, ಮನೆ ಮಾಡಿ, ಇನ್ನೊಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡು. ಇನ್ನೊಬ್ಬರು ಬೇಕೇ ಬೇಕು. ಒಬ್ಬನೇ ಆಡಿದರೆ ಇಬ್ಬರೂ ನನ್ನ ಹಾಗೇ ಮಾತಾಡಿಬಿಡ್ತಾರೆ ಎನ್ನುತ್ತಿದ್ದರು.

ಅವರು ಸತ್ತ ದಿನ ಆ ಕೋಣೆಯಲ್ಲಿ ಮೇಜನ್ನು ಅಡ್ಡ ಉರುಳಿಸಿ ನಿಲ್ಲಿಸಲಾಗಿತ್ತು. ಆಚೆಗೊಂದು ಕುರ್ಚಿ, ಈಚೆಗೆ ಖಾಲಿ ಜಾಗ. ಇನ್ಸ್‌ಪೆಕ್ಟರ್ ಅದನ್ನು ನೋಡಿ, ಸಾಮಾನು ಎಲ್ಲ ಹೇಗೆಂದರೆ ಹಾಗೆ ಬಿದ್ದಿದೆ ಎಂದು ಬರೆದುಕೊಂಡ. ನನಗೆ ಅದು ಬಾಗಿಲು ಎಂದು ಗೊತ್ತಾಯಿತು. ಬಸ್ಸಿನ ಸೀನಿಗೆ ಬಾಗಿಲು ಬೇಕಿಲ್ಲ. ಅವರು ಹೊಸ ಕೊನೆಯನ್ನು ಆಡುತ್ತಿದ್ದರು, ಎದುರಿಗೆ ಯಾರೋ ಇದ್ದರು.

ಇನ್ನೊಂದು ಸಣ್ಣ ವಿಷಯವಿತ್ತು. ಆ ಕೋಣೆಗೆ ಎರಡು ಬಾಗಿಲು, ಒಂದು ಹಿಂಬದಿಯ ಕಬ್ಬಿಣದ ಮೆಟ್ಟಿಲಿಗೆ, ಒಂದು ಮನೆಯೊಳಗಿನ ಮೆಟ್ಟಿಲಿಗೆ. ಕೆಲಸಕ್ಕೆ ಕೂತರೆ ಭಾವ ಒಳಬಾಗಿಲ ಅಗುಳಿ ಹಾಕಿಕೊಳ್ಳುತ್ತಿದ್ದರು, ಹೆಂಡತಿಯಾದರೂ ತಟ್ಟಬೇಕು. ಅವತ್ತು ಆ ಅಗುಳಿ ತೆಗೆದಿತ್ತು. ನೀರು ಕುಡಿಯಲು ಕೆಳಗೆ ಹೋಗಿ ಬಂದಿರಬೇಕು ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ.

ಹೊಸ ಕೊನೆ ನನಗೆ ಗೊತ್ತಾದದ್ದು ತಂಗಿಯಿಂದ. ಎಂಥ ಸೀನೇ ಇರಲಿ, ಭಾವ ಮೊದಲು ಹೇಳುತ್ತಿದ್ದದ್ದು ಅವಳಿಗೆ. ಅವಳು ತಲೆಯೆತ್ತದೆ ಹೊಲಿಯುತ್ತಲೇ ಕೇಳುತ್ತಿದ್ದಳು. ಭಾವ ಅವಳ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಸೂಜಿ ನಡೆಯುತ್ತಲೇ ಇದ್ದರೆ ಸೀನು ಹರಿದು ಬಿಸಾಡುವುದು. ಸೂಜಿ ನಿಂತರೆ ಸೀನು ನಿಂತಿತು. ಮುಖ ಸುಳ್ಳು ಹೇಳುತ್ತೆ ಭಾವಮೈದ, ಕೈಗೆ ಸುಳ್ಳು ಬರಲ್ಲ ಎಂದು ನನಗೇ ಒಮ್ಮೆ ಪಾಠ ಹೇಳಿದ್ದರು.

“ಅವತ್ತು ಮಧ್ಯಾಹ್ನ ಊಟಕ್ಕೆ ಬಂದಾಗ ಹೊಸ ಕೊನೆ ಹೇಳಿದ್ರು ಅಣ್ಣ,” ಎಂದಿದ್ದಳು ತಂಗಿ. “ನನ್ನ ಸೂಜಿ ನಿಂತುಹೋಯ್ತು. ಅವರಿಗೆ ತುಂಬ ಖುಷಿಯಾಯ್ತು. ಇನ್ನೂ ಯಾರಿಗೂ ಹೇಳಿಲ್ಲ ಅಂದ್ರು. ಆಮೇಲೆ ಅವರು ಮೇಲೆ ಹೋದ್ರು, ನಾನು ಹೊಲಿದ ಬಟ್ಟೆ ಕೊಡೋಕೆ ಪೇಟೆಗೆ ಹೋದೆ. ಸಂಜೆ ಬಂದು ನೋಡಿದ್ರೆ ಹೀಗಾಗಿತ್ತು.”

ಅಂದ ಮೇಲೆ ಆ ಕೊನೆ ಗೊತ್ತಿರುವ ಮೂರನೆಯ ಮನುಷ್ಯ ಯಾರೋ ಅವನೇ ಆ ಮಧ್ಯಾಹ್ನ ಕೋಣೆಯಲ್ಲಿದ್ದವನು. ಟೋಪಿಯನ್ನು ಪ್ರಶ್ನೆ ಕೇಳಿ ಹಿಡಿಯಲು ಸಾಧ್ಯವಿರಲಿಲ್ಲ. ಅವನ ಬಾಯಲ್ಲಿ ಉತ್ತರಗಳು ಸಾಲುಗಟ್ಟಿ ನಿಂತಿರುತ್ತವೆ. ಆದರೆ ಕಥೆ ಹೇಳುವವರಿಗೆಲ್ಲ ಒಂದು ಕಾಯಿಲೆ ಇದೆ. ಕೇಳುವವರ ಮುಖ ಸಪ್ಪಗಾದರೆ ಇವರ ಪ್ರಾಣ ಹೋಗುತ್ತದೆ. ಆಗ ತಮ್ಮ ಹತ್ತಿರ ಇರುವುದರಲ್ಲಿ ಒಳ್ಳೆಯದನ್ನು ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ, ಕೊರಳಿಗೆ ಹಗ್ಗ ಬರುತ್ತದೆ ಎಂದು ಗೊತ್ತಿದ್ದರೂ ಆಗುವುದಿಲ್ಲ.

ಅದಕ್ಕೇ ನಿರ್ಮಾಪಕಿಗೆ ಹೇಳಿದ್ದೆ, ಏನು ಕೇಳಿದರೂ ಸಪ್ಪಗಿರಿ.

“ಇಂಟರ್ವಲ್,” ಎಂದು ಟೋಪಿ ನೀರು ಕುಡಿದ. ಅದೂ ಭಾವ ಕಲಿಸಿದ್ದೇ: ಅರ್ಧ ಕಥೆಯಾದಾಗ ನೀರು ಕೇಳಬೇಕು, ಕುಡಿಯುವಷ್ಟು ಹೊತ್ತು ಕೇಳುವವರಿಗೆ ಮುಂದೇನು ಎಂದು ಅನ್ನಿಸಬೇಕು.

ನಿರ್ಮಾಪಕಿಗೆ ಅನ್ನಿಸಿದಂತೆ ಕಾಣಲಿಲ್ಲ. “ಬೇಗ ಮುಗಿಸ್ತೀರಾ? ಹೊರಗಡೆ ಗಿರಾಕಿ ಇದ್ದಾರೆ,” ಎಂದರು.

ಟೋಪಿ ಎರಡನೇ ಅರ್ಧವನ್ನು ಓಡಿಸಿದ. ಮಗ ಜೈಲಿಗೆ ಹೋಗುವುದು, ತಾಯಿ ಅವನ ಮುಖ ನೋಡಲು ಒಲ್ಲೆ ಎನ್ನುವುದು, ಅವನು ಬಿಡುಗಡೆಯಾಗಿ ಬರುವುದು. ಹಣೆಯ ಮೇಲೆ ಬೆವರಿತ್ತು. ನನಗೆ ಅವನ ಮೇಲೆ ಕೋಪ ಬರಬೇಕಿತ್ತು, ಬರಲಿಲ್ಲ. ಕನಿಕರ ಬರಬಹುದಿತ್ತು, ಅದೂ ಬರಲಿಲ್ಲ. ಗೋಡೆಯ ಹೂವಿನ ಟೈಲ್ಸ್ ನೋಡುತ್ತ ಕಾದೆ.

“ಬಸ್ಸು ಹೊರಡುತ್ತೆ. ಅವನು ಓಡ್ತಾನೆ. ಬಸ್ಸು ನಿಲ್ಲುತ್ತೆ. ತಾಯಿ ಇಳೀತಾಳೆ. ಶುಭಂ,” ಎಂದು ಟೋಪಿ ಕೈ ಜೋಡಿಸಿದ.

“ಅಷ್ಟೇನಾ?” ಎಂದರು ನಿರ್ಮಾಪಕಿ.

“ಅಂದ್ರೆ ಮೇಡಂ?”

“ಬಸ್ಸು ನಿಲ್ಲೋದು ಮೊದಲೇ ಗೊತ್ತಾಗುತ್ತಲ್ರೀ. ಒಂದು ಸಾಲು ಕೇಳಿದಾಗ ಏನೋ ಇದೆ ಅನ್ನಿಸ್ತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು.” ಅವರು ಫೋನನ್ನು ಚೀಲಕ್ಕೆ ಹಾಕಿ ಏಳಲು ಹೊರಟರು. “ನೋಡೋಣ. ಹೇಳಿ ಕಳಿಸ್ತೀನಿ.”

ಹೇಳಿ ಕಳಿಸುತ್ತೇನೆ ಎಂದರೆ ಈ ಲೋಕದಲ್ಲಿ ಏನರ್ಥ ಎಂದು ನನಗೂ ಗೊತ್ತು.

ಟೋಪಿ ನಿಂತಲ್ಲೇ ನಿಂತಿದ್ದ. ಒಮ್ಮೆ ತಂಗಿಯ ಕಡೆ ನೋಡಿದ, ಒಮ್ಮೆ ನನ್ನ ಕಡೆ. ನಾನು ಆಕಳಿಸಿದೆ. ಆ ಆಕಳಿಕೆಯೇ ಅವನನ್ನು ಕೊಂದದ್ದು.

“ಮೇಡಂ, ಒಂದ್ನಿಮಿಷ. ಇನ್ನೊಂದು ಕೊನೆ ಇದೆ.”

“ಹೇಳಿ.”

ಅವನು ಈ ಸಲ ಕೂತುಕೊಂಡ. ದನಿ ಇಳಿಸಿದ. “ಹಗಲು. ಬೀದೀಲಿ ಜನ ಓಡಾಡ್ತಿದ್ದಾರೆ. ಹೀರೋ ತಾಯಿ ಮನೆ ಮುಂದೆ ಬಂದು ನಿಂತಿದ್ದಾನೆ. ಬಾಗಿಲು ಮುಚ್ಚಿದೆ. ಜೇಬಿಂದ ತಂತಿ ತೆಗೀತಾನೆ. ಅವನಿಗೆ ಈ ಬೀಗ ಯಾವ ಲೆಕ್ಕ, ನಾವು ನೋಡಿದ್ದೀವಲ್ಲ. ತಂತಿ ಬೀಗದ ಹತ್ರ ಹೋಗುತ್ತೆ. ನಿಲ್ಲುತ್ತೆ.”

ಹೊರಗೆ ಟೈಲ್ಸ್ ಯಂತ್ರ ಕೂಡ ನಿಂತಿತ್ತು.

“ತಂತೀನ ವಾಪಸ್ ಜೇಬಿಗೆ ಹಾಕ್ತಾನೆ. ಹಾಕಿ, ಜೀವಮಾನದಲ್ಲಿ ಮೊದಲನೇ ಸಲ ಬಾಗಿಲು ತಟ್ತಾನೆ.” ಟೋಪಿ ಬೆರಳಿನ ಗೆಣ್ಣಿನಿಂದ ಮೇಜನ್ನು ಮೆಲ್ಲಗೆ ತಟ್ಟಿದ. “ಸದ್ದಿಲ್ಲ. ಇನ್ನೊಂದ್ಸಲ ತಟ್ತಾನೆ. ಒಳಗಿಂದ ತಾಯಿ ದನಿ. ‘ಬಾಗಿಲು ತೆಗೆದೇ ಇದೆ ಕಣೋ.’ ಕತ್ತಲು.”

ನಿರ್ಮಾಪಕಿ ನನಗೆ ಕೊಟ್ಟ ಮಾತನ್ನು ಮರೆತರು. ಸೆರಗಿನ ತುದಿ ಕಣ್ಣಿಗೆ ಹೋಯಿತು. ಟೋಪಿಯ ಮುಖ ಅರಳಿತು. ಇಷ್ಟು ಹೊತ್ತು ಬೆವರಿದ್ದೆಲ್ಲ ಸಾರ್ಥಕವಾದ ಮುಖ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಅವನಿಗೆ ಇನ್ನೂ ಹೊಳೆದಿರಲಿಲ್ಲ.

ನಾನು ತಂಗಿಯನ್ನು ನೋಡಿದೆ. ಸೂಜಿ ನಡೆಯುತ್ತಲೇ ಇತ್ತು. ಒಮ್ಮೆ ಕೇಳಿದ ಕಥೆ, ನಿಲ್ಲಲು ಇನ್ನೇನಿದೆ ಎಂದುಕೊಂಡೆ.

“ಚೆನ್ನಾಗಿದೆ,” ಎಂದೆ ಟೋಪಿಗೆ. “ಯಾವಾಗ ಹೊಳೀತು ಇದು?”

“ಈಗ್ಲೇ ಸರ್. ಹೇಳ್ತಾ ಹೇಳ್ತಾ ಬಂತು.”

“ತಾಯಿ ಹೇಳೋ ಮಾತೂ?”

“ಅದೂ.”

“ಮೇಡಂ, ಬೆಳಿಗ್ಗೆ ನಾನು ನಿಮಗೊಂದು ಮಾತು ಹೇಳಿದ್ದೆ.”

ನಿರ್ಮಾಪಕಿ ಕಣ್ಣೊರೆಸಿಕೊಂಡು ನೆಟ್ಟಗೆ ಕೂತರು. “ಹೂಂ. ಬಾಗಿಲು ತೆಗೆದೇ ಇದೆ ಕಣೋ. ಒಂದಕ್ಷರ ಆಚೀಚೆ ಇಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಟೋಪಿ ಮುಟ್ಟಿ ನೋಡಿಕೊಂಡ.

“ಈ ಮಾತು ಭಾವ ಸತ್ತ ದಿನ ಮಧ್ಯಾಹ್ನ ಹುಟ್ಟಿದ್ದು,” ಎಂದೆ. “ಸಂಜೆ ಹೊತ್ತಿಗೆ ಅವರು ಇರಲಿಲ್ಲ. ನೀವು ಅವತ್ತು ಶೂಟಿಂಗಿಗೆ ಜಾಗ ನೋಡೋಕೆ ಪಕ್ಕದೂರಿಗೆ ಹೋಗಿದ್ದೆ ಅಂದ್ರಿ. ಅಲ್ಲಿಗೆ ಬಂದು ಹೇಳಿದ್ರಾ ಭಾವ?”

ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಅವನ ತಲೆಯನ್ನು ನಾನು ನೋಡಿದ್ದು ಅದೇ ಮೊದಲು. ನಡುವೆ ಕೂದಲಿರಲಿಲ್ಲ, ಸಾಧಾರಣ ಗುಮಾಸ್ತನೊಬ್ಬನ ತಲೆ.

ಹಿಡಿದೆ ಎಂದು ನನಗೆ ಗೊತ್ತಾಯಿತು. ಕೆಲಸದಲ್ಲಿದ್ದಾಗ ಈ ಗಳಿಗೆಯಲ್ಲಿ ಎದೆ ಡವಗುಟ್ಟುತ್ತಿತ್ತು. ಈಗ ಏನೂ ಆಗಲಿಲ್ಲ. ತಂಗಿಗೆ ಕೊಟ್ಟ ಮಾತು ಉಳಿಯಿತು ಎಂದಷ್ಟೇ ಅನ್ನಿಸಿತು, ಅದೂ ದೂರದಿಂದ.

“ಗುರುಗಳೇ ಫೋನ್ ಮಾಡಿದ್ರು ಸರ್,” ಎಂದ ಅವನು. “ಅಕ್ಕ ಪೇಟೆಗೆ ಹೋಗ್ತಾಳೆ, ಹಿಂದಿನ ಮೆಟ್ಟಿಲಿಂದ ಬಾ ಅಂದ್ರು. ಕೊನೆ ಸಿಕ್ಕಿದೆ, ಆಡಿ ನೋಡ್ಬೇಕು ಅಂದ್ರು. ಅಕ್ಕನಿಗೆ ಗೊತ್ತಾಗದ ಹಾಗೆ ನಾವು ತುಂಬ ದಿನದಿಂದ ಒಟ್ಟಿಗೆ ಕೆಲಸ ಮಾಡ್ತಿದ್ವಿ.”

“ನಿನ್ನನ್ನ ಸೇರಿಸಿಕೊಂಡ್ರಾ, ಅಷ್ಟೆಲ್ಲ ಆದ ಮೇಲೂ?”

“ನಾನೂ ಕೇಳಿದೆ. ಬೇರೆ ಯಾರ ಜೊತೆ ಆಡಿದ್ರೂ ಸೀನು ಏಳಲ್ಲ ಕಣೋ ಅಂದ್ರು.” ಅವನು ಟೋಪಿಯ ಅಂಚನ್ನು ಸವರಿದ. “ಮೇಜು ಉರುಳಿಸಿ ಬಾಗಿಲು ಮಾಡಿದ್ವಿ. ನಾನು ಬೀಗದೋನು, ಅವರು ತಾಯಿ. ಟವಲ್ಲು ತಲೆಗೆ ಹೊದ್ಕೊಂಡು ಕುರ್ಚೀಲಿ ಕೂತಿದ್ರು. ನಗು ಬರ್ತಿತ್ತು ಸರ್. ಮಾತು ಶುರು ಮಾಡಿದ್ರೆ ನಗು ಹೋಗ್ತಿತ್ತು.”

“ಆಮೇಲೆ ಜಗಳ ಆಯ್ತು,” ಎಂದೆ. “ಹೆಸರು ಯಾರದು ಅಂತ.”

“ಇಲ್ಲ ಸರ್. ಈ ಸಲ ಅವರ ಹೆಸರು ಮೊದಲು ಅಂತ ನಾನೇ ಹೇಳಿದ್ದೆ. ಜಗಳ ಆಗಿಲ್ಲ.”

“ಹಾಗಾದ್ರೆ ಅವರನ್ನ ಮೆಟ್ಟಿಲಿಂದ ತಳ್ಳಿದ್ದು ಗಾಳೀನಾ?”

ಟೋಪಿ ತಲೆಯೆತ್ತಿ ನನ್ನನ್ನು ನೋಡಿದ. ಕಥೆ ಹೇಳುವಾಗ ಇದ್ದ ಕಣ್ಣು ಅದಲ್ಲ, ಯಾವ ಬೆಳಕೂ ಇರಲಿಲ್ಲ.

“ಎರಡನೇ ಸಲ ಆಡ್ತಾ ಇದ್ವಿ,” ಎಂದ. “ನಾನು ಮೇಜು ತಟ್ಟಿದೆ. ಗುರುಗಳು ಮಾತು ಹೇಳ್ಬೇಕು, ಹೇಳಲಿಲ್ಲ. ಸುಮ್ನೆ ಕೂತಿದ್ದಾರೆ. ಸರಿ, ಹೊಸದಾಗಿ ಏನೋ ಮಾಡ್ತಿದ್ದಾರೆ ಅಂದ್ಕೊಂಡೆ. ಅಷ್ಟರಲ್ಲಿ ಇನ್ನೊಂದ್ಸಲ ತಟ್ಟಿದ ಸದ್ದು ಕೇಳಿಸ್ತು. ಸರ್, ನಾನು ತಟ್ಟಿರಲಿಲ್ಲ.”

“ಎಲ್ಲಿಂದ?”

“ಒಳಬಾಗಿಲಿಂದ.”

ನಿರ್ಮಾಪಕಿ ನನ್ನನ್ನು ನೋಡಿದರು. ನಾನು ಟೋಪಿಯನ್ನೇ ನೋಡುತ್ತಿದ್ದೆ.

“ಗುರುಗಳು ಟವಲ್ಲು ತೆಗೆದು, ನೀನು ಹೋಗು ಅಂತ ಸನ್ನೆ ಮಾಡಿದ್ರು. ನಾನು ಚಪ್ಪಲಿ ಕೈಲಿ ಹಿಡ್ಕೊಂಡು ಹಿಂದಿನ ಮೆಟ್ಟಿಲು ಇಳ್ದೆ. ಇಳಿಯೋವಾಗ್ಲೂ ಮೇಲೆ ತಟ್ತಾನೇ ಇದ್ರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಬೀದಿ ತಿರುವಿನ ತನಕ ಕೇಳಿಸ್ತಿತ್ತು.”

“ಇದನ್ನ ಠಾಣೇಲಿ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಮುಂದಿನ ಪ್ರಶ್ನೆ ಏನು ಅಂತ ಗೊತ್ತಿತ್ತಲ್ಲ ಸರ್. ಆ ಮನೆಗೆ ಒಂದ್ಸಲ ದ್ರೋಹ ಮಾಡಿದ್ದೀನಿ. ಎರಡನೇ ಸಲ ಮಾಡೋಕೆ ಮನಸ್ಸು ಬರಲಿಲ್ಲ.”

ಸುಳ್ಳು ಹೇಳುತ್ತಿದ್ದಾನೆ ಎಂದು ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ತೆಗೆದಿದ್ದ ಅಗುಳಿ ಕಣ್ಣ ಮುಂದೆ ಬಂತು. ನೀರು ಕುಡಿಯಲು ಹೋದವರು ತೆಗೆದದ್ದಲ್ಲ ಅದು, ತಟ್ಟಿದವರಿಗೆ ತೆಗೆದದ್ದು. ಆ ಬಾಗಿಲಿಗೆ ಬರಬೇಕಾದರೆ ಮನೆಯೊಳಗಿಂದಲೇ ಬರಬೇಕು. ಮನೆಯ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಒಬ್ಬರು ಮೇಲೆ ಟವಲ್ಲು ಹೊದ್ದು ಕೂತಿದ್ದರು.

ಈ ಕೇಸಿನಲ್ಲಿ ಬಂದವರ, ಹೋದವರ, ಹಾಲಿನವನ, ಪಕ್ಕದ ಮನೆಯವರ ಮಾತನ್ನೆಲ್ಲ ಹೋಗಿ ಕೇಳಿ ತಾಳೆ ನೋಡಿದ್ದೆ. ಪೇಟೆಗೆ ಹೋಗಿದ್ದೆ ಎಂದ ಒಬ್ಬಳ ಮಾತನ್ನು ಮಾತ್ರ ತಾಳೆ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಹೊಸ ಕೊನೆಯನ್ನು ನನ್ನ ಕೈಗಿಟ್ಟು ಟೋಪಿಯ ಕಡೆ ತಿರುಗಿಸಿದ್ದೂ ಅವಳೇ ಎಂಬುದು ಆಗ ಹೊಳೆಯಿತು.

ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಕೈ ನೋಡಿದೆ. ಬೂದು ಪ್ಯಾಂಟಿನ ಅಂಚಿನಲ್ಲಿ ಸೂಜಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತ್ತು.

“ಅವತ್ತು ಪೇಟೇಲಿ ಯಾರಿಗೆ ಬಟ್ಟೆ ಕೊಟ್ಟೆ?” ಎಂದು ಕೇಳಿದೆ.

“ಕೊಡಲಿಲ್ಲ ಅಣ್ಣ. ಅರ್ಧ ದಾರೀಲಿ ಈ ಪ್ಯಾಂಟು ಮನೇಲೇ ಬಿಟ್ಟಿದ್ದು ನೆನಪಾಯ್ತು. ವಾಪಸ್ ಬಂದೆ. ಒಳಗೆ ಯಾರಿದ್ರು ಅಂತ ಕೇಳಿದ್ರೆ ಹೇಳಲಿಲ್ಲ, ಹಿಂದಿನ ಮೆಟ್ಟಿಲಿಗೆ ಅಡ್ಡ ನಿಂತ್ರು.”

ಅವಳು ಪ್ಯಾಂಟನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು, ಸೂಜಿಯನ್ನು ಅದರಲ್ಲೇ ಬಿಟ್ಟಳು. ಎಷ್ಟೋ ದಿನಗಳ ಮೇಲೆ ತಲೆಯೆತ್ತಿ ನನ್ನನ್ನು ನೇರವಾಗಿ ನೋಡಿದಳು.

“ಅವರು ಬಾಗಿಲು ತೆಗೆಯೋಕೆ ತುಂಬ ಹೊತ್ತು ಮಾಡಿದ್ರು,” ಎಂದಳು.